ಯುನ್ ದೊಂಗ್-ಜು ಅವರನ್ನು ‘ಪ್ರತಿರೋಧದ ಕವಿ’ ಎನ್ನಬಹುದೇ?

ಬಯಲುಸೀಮೆ:
ಕೊರಿಯಾದ ಕವಿ ಯುನ್ ದೊಂಗ್-ಜು ಅವರ ಕವಿತೆಗಳನ್ನು ಈಚೆಗೆ ಇಂಗ್ಲಿಷ್ ಅನುವಾದದಲ್ಲಿ ಓದಿದೆ. ದಕ್ಷಿಣ ಕೊರಿಯಾದಲ್ಲಿ ಅವರು ಪಠ್ಯಪುಸ್ತಕದ ಕವಿ; ಜಪಾನಿನ ವಸಾಹತು ಆಳ್ವಿಕೆಯನ್ನು ಎದುರಿಸಿದ ‘ಪ್ರತಿರೋಧದ ಕವಿ’ ಎಂಬ ಬಿರುದು ಅವರ ಹೆಸರಿಗೆ ಅಂಟಿಕೊಂಡೇ ಬರುತ್ತದೆ. ಕೊರಿಯಾ ಬಿಡುಗಡೆಯಾಗುವುದಕ್ಕೆ ಆರು ತಿಂಗಳ ಮೊದಲು, 1945ರ ಫೆಬ್ರುವರಿ 16ರಂದು, ಜಪಾನಿನ ಫುಕುವೋಕಾ ಸೆರೆಮನೆಯಲ್ಲಿ ಅವರು ತೀರಿಕೊಂಡಾಗ ವಯಸ್ಸು 27. ಇಷ್ಟನ್ನು ತಿಳಿದುಕೊಂಡು ಕವಿತೆಗಳಿಗೆ ಹೋದರೆ ಅಲ್ಲಿ ಸಿಗುವುದು, ಬಾವಿಯೊಳಗೆ ಇಣುಕಿ ತನ್ನದೇ ಬಿಂಬದ ಮೇಲೆ ಹೇಸಿಕೆಪಟ್ಟು ಹಿಂದಿರುಗುವ, ಮತ್ತೆ ಕನಿಕರಗೊಂಡು ಮರಳಿ ಬರುವ ಒಬ್ಬ ಯುವಕ. ನಕ್ಷತ್ರಗಳನ್ನು ಎಣಿಸುತ್ತ ದೂರದ ತಾಯಿಯನ್ನು ನೆನೆಯುವ ಒಬ್ಬ ಮಗ. ಶತ್ರುವಿನ ಹೆಸರಿಲ್ಲ, ಜನರಿಗೆ ಕರೆಯಿಲ್ಲ, ಎದ್ದು ಕಾಣುವ ಸಿಟ್ಟೂ ಇಲ್ಲ. ಹಾಗಾದರೆ ಈ ಬಿರುದು ಕವಿತೆಗೆ ಸಂದದ್ದೇ ಅಥವಾ ಸಾವಿಗೆ ಸಂದದ್ದೇ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಹೊಳೆದಂಡೆ:
ಪ್ರಶ್ನೆ ನ್ಯಾಯವಾದದ್ದು. ಆದರೆ ಉತ್ತರಿಸುವ ಮೊದಲು ಅವರು ಎಲ್ಲಿಂದ ಬಂದವರು ಎಂಬುದನ್ನು ನೋಡಬೇಕು, ಏಕೆಂದರೆ ಅವರ ಕವಿತೆಯಲ್ಲಿ ಊರು ಮತ್ತು ಪರವೂರುಗಳ ನಡುವಿನ ಎಳೆದಾಟ ಅಲ್ಲಿಂದಲೇ ಶುರುವಾಗುತ್ತದೆ.

ಯುನ್ ಹುಟ್ಟಿದ್ದು 1917ರ ಡಿಸೆಂಬರ್ 30ರಂದು, ಇಂದಿನ ಕೊರಿಯಾದ ಗಡಿಯೊಳಗಲ್ಲ. ತುಮೆನ್ ನದಿಯಾಚೆ, ಈಗ ಚೀನಾಕ್ಕೆ ಸೇರಿರುವ ಮಂಚೂರಿಯಾದ ಲಾಂಗ್‌ಜಿಂಗ್ ಸಮೀಪದ ಮ್ಯೊಂಗ್‌ದೊಂಗ್ ಎಂಬ ಹಳ್ಳಿಯಲ್ಲಿ. 1899ರಲ್ಲಿ ಹಾಮ್‌ಗ್ಯೊಂಗ್ ಸೀಮೆಯ ಕೆಲವು ಕುಟುಂಬಗಳು ನದಿ ದಾಟಿ ಬಂದು ಕಟ್ಟಿದ ಊರು ಅದು. ಆ ವಲಸೆಗೆ ಮುಂದಾಳಾಗಿದ್ದ ಕಿಮ್ ಯಾಕ್-ಯೊನ್ ಅವರು ಕವಿಗೆ ಸೋದರಮಾವನಾಗಬೇಕು. ಅವರ ನೇತೃತ್ವದ ಶಾಲೆಯಲ್ಲಿ ಕೊರಿಯನ್ ಭಾಷೆ, ಕೊರಿಯಾದ ಇತಿಹಾಸ, ಕ್ರೈಸ್ತ ಧರ್ಮ ಮೂರೂ ಒಂದರೊಡನೊಂದು ಬೆರೆತು ಹುಡುಗರಿಗೆ ಸಿಕ್ಕವು. ಅಜ್ಜ ಚರ್ಚಿನ ಹಿರಿಯರಾಗಿದ್ದರು. ಅದೇ ಮನೆಯಲ್ಲಿ ಅದೇ ವರ್ಷ ಮೂರು ತಿಂಗಳ ಮೊದಲು ಹುಟ್ಟಿದವನು ಅತ್ತೆಯ ಮಗ ಸೊಂಗ್ ಮೊಂಗ್-ಗ್ಯು. ಈ ಇಬ್ಬರೂ ಜೊತೆಯಾಗಿ ಬೆಳೆದು, ಜೊತೆಯಾಗಿ ಓದಿ, ಒಂದೇ ಸೆರೆಮನೆಯಲ್ಲಿ ಮೂರು ವಾರಗಳ ಅಂತರದಲ್ಲಿ ಸತ್ತರು. ಸೊಂಗ್ ಮುನ್ನುಗ್ಗುವ ಸ್ವಭಾವದವನು: 1935ರ ಹೊಸ ವರ್ಷಕ್ಕೆ ‘ದೊಂಗಾ ಇಲ್ಬೊ’ ಪತ್ರಿಕೆಯ ಸ್ಪರ್ಧೆಯಲ್ಲಿ ಅವನ ಕಿರುಗತೆಗೆ ಬಹುಮಾನ ಬಂತು, ಅದೇ ವರ್ಷ ಶಾಲೆ ಬಿಟ್ಟು ಚೀನಾದೊಳಕ್ಕೆ ಹೋಗಿ ಸ್ವಾತಂತ್ರ್ಯ ಹೋರಾಟಗಾರರ ಸೈನಿಕ ತರಬೇತಿಗೆ ಸೇರಿದ, 1936ರಲ್ಲಿ ಸಿಕ್ಕಿಬಿದ್ದು ಪೊಲೀಸರ ಪಟ್ಟಿಯಲ್ಲಿ ಖಾಯಂ ಆದ. ಯುನ್ ತಮ್ಮ ಕವಿತೆಗಳ ಕೆಳಗೆ ತಾರೀಖು ಬರೆದಿಡಲು ತೊಡಗಿದ್ದು 1934ರ ಡಿಸೆಂಬರ್ 24ರಿಂದ, ಅಂದರೆ ಸೊಂಗ್‌ನ ಬಹುಮಾನದ ಸುದ್ದಿಯ ಆಸುಪಾಸಿನಲ್ಲಿ. ಭಾವನ ಗೆಲುವು ಹುಡುಗನನ್ನು ಚುಚ್ಚಿ ಎಬ್ಬಿಸಿರಬೇಕೆಂದು ನನ್ನ ಊಹೆ.

ಅಲ್ಲಿಂದ ಮುಂದಿನದು ಬಾಗಿಲುಗಳು ಒಂದೊಂದಾಗಿ ಮುಚ್ಚುವ ಕಥೆ. ಪ್ಯೊಂಗ್‌ಯಾಂಗ್‌ನ ಸುಂಗ್‌ಸಿಲ್ ಶಾಲೆಗೆ ಸೇರಿದರೆ, ಜಪಾನಿನ ಶಿಂಟೋ ಧರ್ಮದ ಗುಡಿಗೆ ನಮಿಸಬೇಕೆಂಬ ಸರ್ಕಾರದ ಒತ್ತಾಯಕ್ಕೆ ಶಾಲೆ ಒಪ್ಪದೆ ಎದ್ದ ತಕರಾರಿನಲ್ಲಿ 1936ರಲ್ಲಿ ಅದನ್ನು ಬಿಡಬೇಕಾಯಿತು. ಮಗ ವೈದ್ಯನಾಗಬೇಕೆಂದು ತಂದೆ ಹಟ ಹಿಡಿದರೂ ಸಾಹಿತ್ಯವನ್ನೇ ಆರಿಸಿಕೊಂಡು 1938ರಲ್ಲಿ ಸೋಲ್ ನಗರದ ಯೊನ್ಹಿ ಕಾಲೇಜಿಗೆ ಬಂದರೆ, ಅದೇ ವರ್ಷ ಶಾಲೆಗಳಲ್ಲಿ ಕೊರಿಯನ್ ಭಾಷೆ ಕಡ್ಡಾಯ ವಿಷಯವಾಗಿ ಉಳಿಯಲಿಲ್ಲ. 1940ರ ಫೆಬ್ರುವರಿಯಲ್ಲಿ ಜಪಾನಿ ಹೆಸರು ಇಟ್ಟುಕೊಳ್ಳುವ ಆದೇಶ ಜಾರಿಯಾಯಿತು. ಆಗಸ್ಟಿನಲ್ಲಿ ಎರಡು ದೊಡ್ಡ ಕೊರಿಯನ್ ದಿನಪತ್ರಿಕೆಗಳೂ ನಿಂತವು. 1941ರಲ್ಲಿ ಮುಖ್ಯ ಸಾಹಿತ್ಯ ಪತ್ರಿಕೆಯೂ ನಿಂತಿತು. ಕವಿತೆ ಪ್ರಕಟಿಸುವ ಜಾಗವೇ ಇಲ್ಲದ ಆ ವರ್ಷದಲ್ಲಿ ಇವರು ತಮ್ಮ ಅತ್ಯುತ್ತಮ ಕವಿತೆಗಳನ್ನು ಕೊರಿಯನ್ನಿನಲ್ಲಿ ಬರೆಯುತ್ತಿದ್ದರು. ಆದ್ದರಿಂದ ‘ಸಾವಿಗೆ ಸಂದ ಬಿರುದು’ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಸಂತೆಪೇಟೆ:
ಹೊಳೆದಂಡೆಯವರೇ, ನಿಮ್ಮ ವಿವರಗಳಿಗೆ ನನ್ನ ತಕರಾರಿಲ್ಲ. ನಿರ್ಣಯಕ್ಕೆ ಇದೆ. ತಾಯ್ನುಡಿಯಲ್ಲಿ ಬರೆದದ್ದೇ ಪ್ರತಿರೋಧ ಎನ್ನುವುದಾದರೆ ಆ ಕಾಲದಲ್ಲಿ ಕೊರಿಯನ್ನಿನಲ್ಲಿ ಮನೆಗೆ ಕಾಗದ ಬರೆದವರೆಲ್ಲರೂ ಪ್ರತಿರೋಧಿಗಳೇ. ಅದೇ ಕಾಲದ ಕವಿ ಯಿ ಯುಕ್-ಸಾ ಅವರನ್ನು ನೋಡಿ: ಸೆರೆಮನೆಯಲ್ಲಿ ತನಗೆ ಕೊಟ್ಟ 264 ಎಂಬ ಸಂಖ್ಯೆಯ ಉಚ್ಚಾರಣೆಯನ್ನೇ ಕಾವ್ಯನಾಮ ಮಾಡಿಕೊಂಡವರು, ಮತ್ತೆ ಮತ್ತೆ ಬಂಧನಕ್ಕೊಳಗಾದವರು, 1944ರ ಜನವರಿಯಲ್ಲಿ ಬೀಜಿಂಗ್‌ನ ಸೆರೆಯಲ್ಲಿ ಸತ್ತವರು. ಅವರೊಡನೆ ಹೋಲಿಸಿದರೆ ಯುನ್ ಮಾಡಿದ್ದೇನು? ಜಪಾನಿಗೆ ಹೋಗಿ ಓದಲು ಬೇಕಾದ ಪ್ರಯಾಣದ ಅನುಮತಿಗಾಗಿ ‘ಹಿರಾನುಮಾ’ ಎಂಬ ಜಪಾನಿ ಮನೆತನದ ಹೆಸರನ್ನು ಕಾಲೇಜಿನಲ್ಲಿ ದಾಖಲಿಸಿಕೊಂಡರು. ಆಮೇಲೆ ಟೋಕಿಯೊದ ರಿಕ್ಯೊ ವಿಶ್ವವಿದ್ಯಾಲಯದಲ್ಲಿ, ಅನಂತರ ಕ್ಯೋಟೊದ ದೊಶಿಶಾದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಇದನ್ನು ತಪ್ಪೆಂದು ಹೇಳುತ್ತಿಲ್ಲ. ಲಕ್ಷಾಂತರ ಜನ ಮಾಡಿದ್ದನ್ನೇ ಅವರೂ ಮಾಡಿದರು. ಆದರೆ ಬಿರುದು ಮಾತ್ರ ಬೇರೆಯವರಿಗೆ ಸಿಗಲಿಲ್ಲ.

ಪುಟದಂಚು:
ಸಂತೆಪೇಟೆಯವರು ಎತ್ತಿದ ಹೆಸರಿನ ಪ್ರಸಂಗವೇ ಈ ಚರ್ಚೆಯ ನಡುಗಂಬ ಎಂದು ನನಗೆ ತೋರುತ್ತದೆ; ಏಕೆಂದರೆ ಅದನ್ನು ಯುನ್ ಅವರ ವಿರುದ್ಧ ಮೊದಲು ಎತ್ತಿದವರು ಸ್ವತಃ ಯುನ್.

ಹೊಸ ಹೆಸರನ್ನು ಕಾಲೇಜಿಗೆ ಸಲ್ಲಿಸಿದ್ದು 1942ರ ಜನವರಿ 29ರಂದು. ಅದಕ್ಕೆ ಐದು ದಿನ ಮೊದಲು, ಜನವರಿ 24ರಂದು, ‘ತಪ್ಪೊಪ್ಪಿಗೆ’ ಎಂಬ ಕವಿತೆ ಬರೆದಿದ್ದಾರೆ. ಹಸಿರು ಕಿಲುಬು ಹಿಡಿದ ಹಳೆಯ ಕಂಚಿನ ಕನ್ನಡಿಯೊಂದರಲ್ಲಿ ತನ್ನ ಮುಖ ಇನ್ನೂ ಉಳಿದಿರುವುದನ್ನು ಅವರು ಕಾಣುತ್ತಾರೆ. ಇದು ಯಾವ ರಾಜವಂಶದ ಅವಶೇಷವಾಗಿದ್ದರೆ ಇಷ್ಟು ಅವಮಾನ ಎಂದು ಕೇಳಿಕೊಳ್ಳುತ್ತಾರೆ. ಇಪ್ಪತ್ತನಾಲ್ಕು ವರ್ಷ ಒಂದು ತಿಂಗಳು ಯಾವ ಸಂತೋಷವನ್ನು ನೆಚ್ಚಿ ಬದುಕಿದೆ ಎಂದು ಒಂದೇ ಸಾಲಿಗೆ ತಪ್ಪೊಪ್ಪಿಗೆಯನ್ನು ಇಳಿಸುತ್ತಾರೆ. ಇಲ್ಲಿಗೆ ನಿಲ್ಲಿಸಿದ್ದರೆ ಅದು ಸಾಮಾನ್ಯ ಪಶ್ಚಾತ್ತಾಪದ ಕವಿತೆಯಾಗುತ್ತಿತ್ತು. ಮುಂದಿನ ತಿರುವು ಅಸಾಧಾರಣವಾದದ್ದು: ನಾಳೆಯೋ ನಾಡಿದ್ದೋ ಬರುವ ಯಾವುದೋ ಸಂತಸದ ದಿನ ಇನ್ನೊಂದು ಸಾಲಿನ ತಪ್ಪೊಪ್ಪಿಗೆ ಬರೆಯಬೇಕಾದೀತು, ಆ ಎಳೆಯ ವಯಸ್ಸಿನಲ್ಲಿ ಅಂಥ ನಾಚಿಕೆಗೇಡಿನ ತಪ್ಪೊಪ್ಪಿಗೆಯನ್ನು ಏಕೆ ಮಾಡಿದೆ ಎಂದು. ಬಿಡುಗಡೆಯ ದಿನ ಬಂದೇ ಬರುತ್ತದೆಂಬ ನಂಬಿಕೆ ಇಲ್ಲಿ ಬೀಗಿ ನಿಂತಿಲ್ಲ. ಆ ದಿನ ತನ್ನನ್ನು ವಿಚಾರಣೆಗೆ ಕರೆಯುತ್ತದೆ ಎಂಬ ಭಯದ ರೂಪದಲ್ಲಿ ಬಂದಿದೆ. ಹಸ್ತಪ್ರತಿಯ ಅಂಚಿನಲ್ಲಿ ಅವರು ಗೀಚಿದ ಬಿಡಿ ಪದಗಳು ಉಳಿದುಕೊಂಡಿವೆ: ಬಾಳು, ಉಳಿವು, ಬಲ, ದುಃಖ ಸಲ್ಲದು, ಮತ್ತು ಕಡಲು ದಾಟಲು ಬೇಕಾದ ಪ್ರಮಾಣಪತ್ರ. ಈ ಕೊನೆಯದೊಂದೇ ಸಾಕು, ಕವಿತೆ ಯಾವ ಸಂಕಟದ ಮುಂದೆ ಕುಳಿತು ಬರೆದದ್ದೆಂದು ತಿಳಿಯಲು.

ಯಿ ಯುಕ್-ಸಾ ಅವರ ಧೈರ್ಯವನ್ನು ಯುನ್ ಅವರಿಗೆ ಆರೋಪಿಸಿದರೆ ಇಬ್ಬರಿಗೂ ಅನ್ಯಾಯ. ಯುನ್ ಬರೆದದ್ದು, ಪ್ರತಿರೋಧಿಸದೆ ಬದುಕುತ್ತಿರುವ ಮನುಷ್ಯನಿಗೆ ತನ್ನ ಬದುಕು ಸಹಿಸದಂತಾಗುವ ಬಗೆಯನ್ನು. ಅಂಥ ಕವಿ ಬಿರುದಿಗೆ ಸಿಗುವುದಿಲ್ಲ.

ಹೊಳೆದಂಡೆ:
ಪುಟದಂಚಿನವರ ಮಾತಿಗೆ ಒಂದು ಸೇರ್ಪಡೆ. 1939ರ ಸೆಪ್ಟೆಂಬರಿನಿಂದ 1940ರ ಡಿಸೆಂಬರಿನವರೆಗೆ ಯುನ್ ಅವರ ಪುಸ್ತಕದಲ್ಲಿ ಕವಿತೆಗಳೇ ಇಲ್ಲ. ಆ ಮೌನ ಮುರಿದಾಗ ಬಂದವುಗಳಲ್ಲಿ ಒಂದು, ಬೈಬಲಿನ ಗಿರಿಪ್ರವಚನದ ಎಂಟು ಧನ್ಯತೆಗಳನ್ನು ಆಧರಿಸಿದ್ದು. ದುಃಖಿಸುವವರು ಧನ್ಯರು ಎಂಬ ಒಂದೇ ಸಾಲನ್ನು ಎಂಟು ಸಲ ಬರೆದು, ಕೊನೆಗೆ ಅವರು ಎಂದೆಂದಿಗೂ ದುಃಖಿಸುವರು ಎಂದು ಮುಗಿಸುತ್ತಾರೆ. ಚರ್ಚಿನ ಹಿರಿಯರ ಮೊಮ್ಮಗ ಬೈಬಲಿನ ಸಾಂತ್ವನವನ್ನೇ ತೆಗೆದುಹಾಕಿದ್ದಾನೆ. ಅದೇ ತಿಂಗಳಿನ ‘ಆಸ್ಪತ್ರೆ’ ಕವಿತೆಯಲ್ಲಿ ಮುದಿ ವೈದ್ಯನಿಗೆ ಯುವಕನ ರೋಗ ಅರ್ಥವಾಗುವುದಿಲ್ಲ. ನಿನಗೆ ಕಾಯಿಲೆಯೇ ಇಲ್ಲ ಎನ್ನುತ್ತಾನೆ. ಆದರೂ ಸಿಟ್ಟು ಮಾಡಬಾರದು ಎಂದು ಯುವಕ ಅಂದುಕೊಳ್ಳುತ್ತಾನೆ. ಸಂಕಲನಕ್ಕೆ ಮೊದಲು ‘ಆಸ್ಪತ್ರೆ’ ಎಂದೇ ಹೆಸರಿಡಲು ಹೊರಟಿದ್ದರು, ಲೋಕವೆಲ್ಲ ರೋಗಿಗಳಿಂದ ತುಂಬಿದೆ ಎಂಬ ಕಾರಣಕ್ಕೆ. ಬಯಲುಸೀಮೆಯವರು ಕೇಳಿದ ಸಿಟ್ಟು ಎಲ್ಲಿ ಹೋಯಿತೆಂದರೆ, ಇಲ್ಲಿದೆ.

ನೇಸರ:
ನಾನು ಕೆಲಸದ ನಿಮಿತ್ತ ಕೊರಿಯಾದಲ್ಲಿದ್ದೇನೆ. ಇಲ್ಲಿಯವರು ಯುನ್ ಅವರ ಬಗ್ಗೆ ಮಾತಾಡುವಾಗ ಕವಿತೆಯಷ್ಟೇ ಹಸ್ತಪ್ರತಿಯ ಕಥೆಯನ್ನೂ ಹೇಳುತ್ತಾರೆ. ಅದನ್ನು ಬಿಟ್ಟರೆ ಚರ್ಚೆ ಪೂರ್ತಿಯಾಗದು.

1941ರ ಕೊನೆಯಲ್ಲಿ, ಕಾಲೇಜು ಮುಗಿಸುವ ಹೊತ್ತಿಗೆ, ಯುನ್ ಹತ್ತೊಂಬತ್ತು ಕವಿತೆಗಳನ್ನು ಆಯ್ದು ‘ಆಕಾಶ, ಗಾಳಿ, ನಕ್ಷತ್ರ ಮತ್ತು ಕವಿತೆ’ ಎಂಬ ಹೆಸರಿನಲ್ಲಿ ಕೈಯಾರೆ ಮೂರು ಪ್ರತಿ ಬರೆದರು. ಒಂದನ್ನು ತಾವು ಇಟ್ಟುಕೊಂಡರು, ಒಂದನ್ನು ಇಂಗ್ಲಿಷ್ ಅಧ್ಯಾಪಕರಾದ ಯಿ ಯಾಂಗ್-ಹಾ ಅವರಿಗೆ, ಇನ್ನೊಂದನ್ನು ಜೊತೆಯಲ್ಲಿ ಬಾಡಿಗೆ ಕೋಣೆ ಹಂಚಿಕೊಂಡಿದ್ದ ಕಿರಿಯ ಗೆಳೆಯ ಜೊಂಗ್ ಬ್ಯೊಂಗ್-ಉಕ್ ಅವರಿಗೆ ಕೊಟ್ಟರು. ಅಚ್ಚು ಹಾಕಿಸುವ ಆಸೆಯಿತ್ತು. ಇದು ಪೊಲೀಸರ ಕಣ್ಣಿಗೆ ಬಿದ್ದರೆ ಅಪಾಯ ಎಂದು ಅಧ್ಯಾಪಕರು ತಡೆದರು. ಮೂರರಲ್ಲಿ ಉಳಿದದ್ದು ಗೆಳೆಯನ ಪ್ರತಿ ಒಂದೇ. 1944ರಲ್ಲಿ ಜೊಂಗ್ ಅವರನ್ನೂ ಜಪಾನಿ ಸೇನೆಗೆ ವಿದ್ಯಾರ್ಥಿ ಸೈನಿಕನಾಗಿ ಎಳೆದೊಯ್ದಾಗ, ಅವರು ಹಸ್ತಪ್ರತಿಯನ್ನು ತಾಯಿಯ ಕೈಗಿತ್ತು, ನಾವಿಬ್ಬರೂ ಬರದಿದ್ದರೆ ಬಿಡುಗಡೆಯ ನಂತರ ಇದನ್ನು ಕಾಲೇಜಿಗೆ ತಲುಪಿಸು ಎಂದು ಹೇಳಿಹೋದರು. ದಕ್ಷಿಣ ಕರಾವಳಿಯ ಗ್ವಾಂಗ್‌ಯಾಂಗ್ ಪ್ರದೇಶದ ಮಾಂಗ್‌ದೊಕ್ ಬಂದರಿನಲ್ಲಿ ಅವರ ಮನೆ. ಮದ್ಯ ತಯಾರಿಸುವ ಮನೆತನ. ತಾಯಿ ಆ ಹಾಳೆಗಳನ್ನು ನೆಲದ ಹಲಗೆಯ ಕೆಳಗೆ ಅಡಗಿಸಿಟ್ಟು ಕಾಪಾಡಿದರು. ಆ ಮನೆ ಈಗ ಸಂರಕ್ಷಿತ ಕಟ್ಟಡ. ಜೊಂಗ್ ಮುಂದೆ ಹಳೆಯ ಕೊರಿಯನ್ ಸಾಹಿತ್ಯದ ದೊಡ್ಡ ವಿದ್ವಾಂಸರಾದರು. ಗೆಳೆಯನ ‘ಬಿಳಿಯ ನೆರಳು’ ಎಂಬ ಕವಿತೆಯಿಂದ ತಮ್ಮ ಕಾವ್ಯನಾಮವನ್ನು ಪಡೆದರು.

ಇನ್ನೊಬ್ಬ ಗೆಳೆಯ ಕಾಂಗ್ ಚೊ-ಜುಂಗ್. ಯುನ್ ಟೋಕಿಯೊದಿಂದ 1942ರಲ್ಲಿ ಕಳಿಸಿದ ಐದು ಕವಿತೆಗಳು ಇವರ ಬಳಿ ಇದ್ದವು. ಜಪಾನಿನಲ್ಲಿ ಬರೆದವುಗಳಲ್ಲಿ ನಮಗೆ ಉಳಿದಿರುವುದು ಅವಿಷ್ಟೇ. ಕ್ಯೋಟೊದಲ್ಲಿ ಬರೆದದ್ದೆಲ್ಲ ಬಂಧನದ ವೇಳೆ ಪೊಲೀಸರ ವಶವಾಯಿತು. ಮತ್ತೆ ಸಿಗಲೇ ಇಲ್ಲ.

ಬಯಲುಸೀಮೆ:
ನೇಸರ ಅವರಿಗೆ ಧನ್ಯವಾದ. ಬಂಧನಕ್ಕೆ ಕಾರಣವೇನು? ಕವಿತೆಗಳೇ ಅಪರಾಧವಾದವೇ?

ಪುಟದಂಚು:
ಹಾಗೆ ತಿಳಿದವರು ಬಹಳ ಮಂದಿ, ಆದರೆ ದಾಖಲೆಗಳು ಬೇರೆ ಹೇಳುತ್ತವೆ. 1943ರ ಜುಲೈ 10ರಂದು ಸೊಂಗ್, 14ರಂದು ಯುನ್ ಕ್ಯೋಟೊದಲ್ಲಿ ಬಂಧಿತರಾದರು. ಸೊಂಗ್ ಮೇಲೆ ಪೊಲೀಸರ ಕಣ್ಣು ಮೊದಲಿನಿಂದಲೂ ಇತ್ತು. 1970ರ ದಶಕದಿಂದೀಚೆಗೆ ಬೆಳಕಿಗೆ ಬಂದ ಗುಪ್ತ ಪೊಲೀಸ್ ವರದಿ ಮತ್ತು ನ್ಯಾಯಾಲಯದ ತೀರ್ಪುಗಳ ಪ್ರಕಾರ ಆರೋಪವೆಲ್ಲ ಮಾತುಕತೆಯ ಬಗ್ಗೆ: ಬಾಡಿಗೆ ಕೋಣೆಗಳಲ್ಲಿ, ಗೆಳೆಯರ ನಡುವೆ, ಕೊರಿಯನ್ ಭಾಷೆಯ ಶಿಕ್ಷಣ ನಿಂತದ್ದನ್ನು ಟೀಕಿಸಿದರು, ಜನಾಂಗದ ಸ್ವಾತಂತ್ರ್ಯದ ವಿಚಾರ ಆಡಿದರು, ಕೊರಿಯನ್ನರನ್ನು ಸೇನೆಗೆ ಸೇರಿಸುವುದರಿಂದ ಅವರಿಗೆ ಆಯುಧ ಹಿಡಿಯಲು ಬರುತ್ತದೆ, ಅದು ಮುಂದೆ ಉಪಯೋಗಕ್ಕೆ ಬಂದೀತು ಎಂದು ಚರ್ಚಿಸಿದರು. ಅಷ್ಟಕ್ಕೆ ಶಾಂತಿಪಾಲನಾ ಕಾಯಿದೆಯಡಿ 1944ರ ಮಾರ್ಚ್ 31ರಂದು ಯುನ್ ಅವರಿಗೆ ಎರಡು ವರ್ಷ, ಏಪ್ರಿಲ್‌ನಲ್ಲಿ ಸೊಂಗ್‌ಗೂ ಎರಡು ವರ್ಷ ಶಿಕ್ಷೆಯಾಯಿತು. ವಶಪಡಿಸಿಕೊಂಡ ತಮ್ಮ ಕೊರಿಯನ್ ಬರಹಗಳನ್ನು ಯುನ್ ಪೊಲೀಸ್ ಠಾಣೆಯಲ್ಲಿ ಕುಳಿತು ತಾವೇ ಜಪಾನಿ ಭಾಷೆಗೆ ಅನುವಾದಿಸುತ್ತಿದ್ದುದನ್ನು ನೋಡಲು ಹೋದ ಬಂಧು ಕಂಡಿದ್ದಾರೆ. ಅಷ್ಟೊಂದು ಎಚ್ಚರದಿಂದ ಬರೆದ ಕವಿಯ ಮೊದಲ ಅನುವಾದ ಹೀಗಾಯಿತು.

ಸಂತೆಪೇಟೆ:
ಸಾವಿನ ಬಗ್ಗೆಯೂ ಒಂದು ಮಾತು. ಸೆರೆಮನೆಯಲ್ಲಿ ವೈದ್ಯಕೀಯ ಪ್ರಯೋಗದಿಂದ ಅವರು ಸತ್ತರು ಎಂದು ಖಚಿತ ಸಂಗತಿಯಂತೆ ಬರೆಯುವವರಿದ್ದಾರೆ. ಆಧಾರವಿದೆಯೇ?

ನೇಸರ:
ಆಧಾರ ಇರುವುದು ಒಂದು ಹೇಳಿಕೆಗೆ. ಶವ ತರಲು ಫುಕುವೋಕಾಗೆ ಹೋದ ತಂದೆ ಮತ್ತು ಒಬ್ಬ ಬಂಧು ಅಲ್ಲಿ ಎಲುಬಿನ ಗೂಡಾಗಿದ್ದ ಸೊಂಗ್‌ನನ್ನು ಕಂಡರು. ತನಗೂ ದೊಂಗ್-ಜುಗೂ ಏನೆಂದು ತಿಳಿಯದ ಚುಚ್ಚುಮದ್ದು ಕೊಡುತ್ತಿದ್ದರು ಎಂದು ಆತ ಹೇಳಿದ. ಮಾರ್ಚ್ 7ರಂದು ಆತನೂ ಸತ್ತ. ಆ ಚುಚ್ಚುಮದ್ದು ಯಾವುದು, ಸಾವಿಗೆ ಅದೇ ಕಾರಣವೇ ಎಂಬುದನ್ನು ಸಾಬೀತುಪಡಿಸುವ ದಾಖಲೆ ಹೊರಬಂದಿಲ್ಲ. ಅನುಮಾನವನ್ನು ಅನುಮಾನವೆಂದೇ ಇಟ್ಟುಕೊಂಡರೂ ಆ ಸೆರೆಮನೆಯ ಮೇಲಿನ ಹೊಣೆ ಕಡಿಮೆಯಾಗುವುದಿಲ್ಲ. ಮನೆಗೆ ಮೊದಲು ಬಂದದ್ದು ಸಾವಿನ ತಂತಿ. ಕಾಯಿಲೆ ಗಂಭೀರವಾಗಿದೆ, ಸತ್ತರೆ ಶವ ಒಯ್ಯಿರಿ, ಇಲ್ಲವಾದರೆ ಅಂಗರಚನಾ ಶಾಸ್ತ್ರಕ್ಕೆ ವಿಶ್ವವಿದ್ಯಾಲಯಕ್ಕೆ ಕೊಡಲಾಗುವುದು ಎಂಬ ಅಂಚೆಯ ಸೂಚನೆ ಆಮೇಲೆ ಬಂತು. ಲಾಂಗ್‌ಜಿಂಗ್‌ನಲ್ಲಿ ಮಣ್ಣು ಮಾಡುವಾಗ ಕಾಲೇಜು ಪತ್ರಿಕೆಯಲ್ಲಿ ಅಚ್ಚಾಗಿದ್ದ ಅವರ ಎರಡು ಕವಿತೆಗಳನ್ನು ಓದಿದರು. ಒಂದು ಸಂಕಲನವೂ ಬಾರದಿದ್ದರೂ ಮನೆಯವರು ನಿಲ್ಲಿಸಿದ ಕಲ್ಲಿನ ಮೇಲೆ ‘ಕವಿ’ ಎಂದೇ ಕೆತ್ತಿಸಿದರು.

ಸಂತೆಪೇಟೆ:
ಸರಿ. ಆದರೆ ನೇಸರ ಅವರ ಹಸ್ತಪ್ರತಿಯ ಕಥೆಯಲ್ಲಿ ಒಂದು ಭಾಗ ಬಿಟ್ಟುಹೋಗಿದೆ, ಮತ್ತು ನನ್ನ ಸಂಶಯದ ಬೇರು ಇರುವುದು ಅಲ್ಲೇ. ಬಿರುದು ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂದು ನೋಡಿ.

1947ರ ಫೆಬ್ರುವರಿ 13ರಂದು ಸೋಲ್‌ನ ‘ಕ್ಯೊಂಗ್‌ಹ್ಯಾಂಗ್’ ಪತ್ರಿಕೆಯಲ್ಲಿ ‘ಸಲೀಸಾಗಿ ಬರೆದ ಕವಿತೆ’ ಪ್ರಕಟವಾಯಿತು. ಕಾಂಗ್ ಚೊ-ಜುಂಗ್ ಆ ಪತ್ರಿಕೆಯಲ್ಲಿ ವರದಿಗಾರರು, ಕವಿ ಜೊಂಗ್ ಜಿ-ಯೊಂಗ್ ಅಲ್ಲಿ ಸಂಪಾದಕರು. ಜೊಂಗ್ ಜಿ-ಯೊಂಗ್ ಎಂದರೆ ಯುನ್ ಮೆಚ್ಚಿ ಓದಿದ ಕವಿ, ತಾವೂ ದೊಶಿಶಾದಲ್ಲಿ ಕಲಿತವರು. 1948ರ ಜನವರಿಯಲ್ಲಿ 31 ಕವಿತೆಗಳ ಸಂಕಲನ ಹೊರಬಂದಾಗ ಮುನ್ನುಡಿ ಜೊಂಗ್ ಜಿ-ಯೊಂಗ್ ಅವರದು, ಹಿನ್ನುಡಿ ಕಾಂಗ್ ಅವರದು. 1950ರಲ್ಲಿ ಶುರುವಾದ ಉತ್ತರ-ದಕ್ಷಿಣ ಕೊರಿಯಾಗಳ ಯುದ್ಧದಲ್ಲಿ ಇಬ್ಬರೂ ದಕ್ಷಿಣದಿಂದ ಕಾಣೆಯಾದರು. ಕಾಂಗ್ ಎಡಪಕ್ಷದ ಸದಸ್ಯರೆಂದು ಮರಣದಂಡನೆಗೆ ಗುರಿಯಾಗಿದ್ದವರು, ಉತ್ತರದ ಸೇನೆ ಬಂದಾಗ ಸೆರೆಯಿಂದ ಹೊರಬಿದ್ದವರು. ಜೊಂಗ್ ಜಿ-ಯೊಂಗ್ ಉತ್ತರಕ್ಕೆ ಒಯ್ಯಲ್ಪಟ್ಟರೆಂದು ಹೇಳುತ್ತಾರೆ. 1955ರಲ್ಲಿ ವಿಸ್ತೃತ ಆವೃತ್ತಿ ಬಂದಾಗ ಅವರ ಆ ಮುನ್ನುಡಿಯೂ ಇಲ್ಲ, ಆ ಹಿನ್ನುಡಿಯೂ ಇಲ್ಲ. ಜೊಂಗ್ ಜಿ-ಯೊಂಗ್ ಅವರ ಕವಿತೆಗಳ ಮೇಲಿನ ನಿಷೇಧವೇ ತೆರವಾದದ್ದು 1988ರಲ್ಲಿ. ಅಂದರೆ, ಯುನ್ ಅವರನ್ನು ಲೋಕಕ್ಕೆ ಪರಿಚಯಿಸಿದ ಇಬ್ಬರನ್ನೂ ಅಳಿಸಿಹಾಕಿದ ವ್ಯವಸ್ಥೆಯೇ ಅವರನ್ನು ಪಠ್ಯಪುಸ್ತಕದಲ್ಲಿ ರಾಷ್ಟ್ರದ ಕವಿಯಾಗಿ ಕೂರಿಸಿತು. ಎರಡೂ ಬಣಗಳ ಜಗಳಕ್ಕೆ ಮೊದಲೇ ಸತ್ತ, ಯಾವ ಪಕ್ಷಕ್ಕೂ ಸೇರದ ಯುವಕ ಅದಕ್ಕೆ ಅನುಕೂಲವಾಗಿದ್ದ.

ಪುಟದಂಚು:
ಇದು ಬಲವಾದ ಮಾತು. ಬಿರುದಿನ ಇತಿಹಾಸದ ಮಟ್ಟಿಗೆ ನಾನು ಪೂರ್ತಿ ಒಪ್ಪುತ್ತೇನೆ. ಎಲ್ಲರಿಗೂ ಅವರು ಬೇಕಾಗಿದ್ದಾರೆ. ಚೀನಾದ ಮ್ಯೊಂಗ್‌ದೊಂಗ್‌ನಲ್ಲಿರುವ ಅವರ ಹುಟ್ಟುಮನೆಯ ಮುಂದಿನ ಕಲ್ಲು ಅವರನ್ನು ಚೀನಾದ ಕೊರಿಯನ್ ಬುಡಕಟ್ಟಿನ ದೇಶಭಕ್ತ ಕವಿ ಎನ್ನುತ್ತದೆ. ದಕ್ಷಿಣ ಕೊರಿಯಾದಲ್ಲಿ ಅದಕ್ಕೆ ಆಕ್ರೋಶ ಎದ್ದಿತು. ದೊಶಿಶಾ ವಿಶ್ವವಿದ್ಯಾಲಯ 1995ರಲ್ಲಿ ಅವರ ಕವಿತೆಯ ಶಿಲೆಗೆ ಆವರಣದಲ್ಲಿ ಜಾಗ ಕೊಟ್ಟಿತು, 2025ರ ಫೆಬ್ರುವರಿ 16ರಂದು ಮರಣೋತ್ತರ ಗೌರವ ಡಾಕ್ಟರೇಟ್ ಕೊಟ್ಟಿತು. ಕಾಡು ಬೆಳೆದ ಗುಡ್ಡದಲ್ಲಿ ಮರೆತುಹೋಗಿದ್ದ ಅವರ ಸಮಾಧಿಯನ್ನು 1985ರಲ್ಲಿ, ಕವಿಯ ತಮ್ಮ ಯುನ್ ಇಲ್-ಜು ಅವರ ಕೋರಿಕೆಯ ಮೇರೆಗೆ, ಹುಡುಕಿ ತೆಗೆದವರೂ ಒಬ್ಬ ಜಪಾನಿ ವಿದ್ವಾಂಸರು, ಒಮುರಾ ಮಸುವೊ. ಆಗ ದಕ್ಷಿಣ ಕೊರಿಯಾದವರು ಚೀನಾಕ್ಕೆ ಸುಲಭವಾಗಿ ಹೋಗುವಂತಿರಲಿಲ್ಲ.

ಆದರೆ ಬಿರುದು ಅನುಕೂಲಕ್ಕೆ ಬಂತೆಂದು ತೋರಿಸಿದರೆ ಕವಿತೆಯ ಬೆಲೆ ತೀರ್ಮಾನವಾದಂತಲ್ಲ. ತಾವೇ ಹೆಸರಿಸಿದ ‘ಸಲೀಸಾಗಿ ಬರೆದ ಕವಿತೆ’ಯನ್ನೇ ತೆಗೆದುಕೊಳ್ಳಿ, 1942ರ ಜೂನ್ 3ರಂದು ಟೋಕಿಯೊದಲ್ಲಿ ಬರೆದದ್ದು. ರಾತ್ರಿ ಮಳೆ ಪಿಸುಗುಟ್ಟುತ್ತಿದೆ. ಆರು ಚಾಪೆಯಗಲದ ಕೋಣೆ ಪರರ ನಾಡು. ಮನೆಯವರ ಬೆವರಿನ ವಾಸನೆಯ ಹಣ ಬಂದಿದೆ, ಅದನ್ನಿಟ್ಟುಕೊಂಡು ಮುದಿ ಪ್ರಾಧ್ಯಾಪಕನ ಪಾಠ ಕೇಳಲು ಹೋಗಬೇಕು. ಬದುಕುವುದು ಕಷ್ಟವೆನ್ನುವಾಗ ಕವಿತೆ ಇಷ್ಟು ಸಲೀಸಾಗಿ ಬರುವುದು ನಾಚಿಕೆಯ ವಿಷಯ ಎನ್ನುತ್ತಾರೆ. ಕೊನೆಗೆ ದೀಪ ಹಚ್ಚಿ ಕತ್ತಲೆಯನ್ನು ತುಸು ಸರಿಸಿ, ಯುಗದಂತೆ ಬರಲಿರುವ ಬೆಳಗಿಗೆ ಕಾಯುತ್ತ, ತನಗೆ ತಾನೇ ಚಿಕ್ಕದೊಂದು ಕೈ ಚಾಚಿ ಮೊದಲ ಬಾರಿಗೆ ಹಸ್ತಲಾಘವ ಮಾಡುತ್ತಾರೆ. ಬಾವಿಯಲ್ಲಿ ತನ್ನನ್ನು ಕಂಡು ಹೇಸಿದ 1939ರ ಯುವಕ ಮೂರು ವರ್ಷ ತನ್ನ ಮೇಲೆ ತಾನೇ ಮೊಕದ್ದಮೆ ನಡೆಸಿ, ಪರದೇಶದ ಕೋಣೆಯಲ್ಲಿ ರಾಜಿಗೆ ಬಂದಿದ್ದಾನೆ. ಈ ನಡಿಗೆ ನಮಗೆ ಕಾಣುವುದು ಅವರು ಪ್ರತಿಯೊಂದಕ್ಕೂ ತಾರೀಖು ಹಾಕಿದ್ದರಿಂದ. ಸಾವಿನ ಬಗ್ಗೆ ಏನೂ ತಿಳಿಯದ ಓದುಗನಿಗೂ ಇದು ಕಾಣುತ್ತದೆ ಎಂದೇ ನನ್ನ ವಾದ.

ಸಂತೆಪೇಟೆ:
ಕವಿತೆಯ ಬಗ್ಗೆ ನನಗೆ ಭಿನ್ನಾಭಿಪ್ರಾಯವಿಲ್ಲ. ಬಿರುದನ್ನು ಮಾತ್ರ ನಾನು ಬಳಸುವುದಿಲ್ಲ.

ಬಯಲುಸೀಮೆ:
ಎಲ್ಲರಿಗೂ ವಂದನೆಗಳು. ನಾನು ಓದಿದ ಅನುವಾದದಲ್ಲಿ ಕವಿತೆಗಳು ವಿಷಯವಾರು ಜೋಡಣೆಯಲ್ಲಿದ್ದವು, ತಾರೀಖುಗಳೂ ಇರಲಿಲ್ಲ. ಬಹುಶಃ ಅದಕ್ಕೇ ಎಲ್ಲವೂ ಒಂದೇ ಮಟ್ಟದ ಕೊರಗಿನಂತೆ ಕಂಡವು. ಮತ್ತೆ ಓದುವುದಾದರೆ ಯಾವ ಕ್ರಮ ಒಳ್ಳೆಯದು?

ಹೊಳೆದಂಡೆ:
ಎಲ್ಲರೂ ಉದಾಹರಿಸುವ ಮುನ್ನುಡಿ ಕವಿತೆಯಿಂದ ಶುರು ಮಾಡಬೇಡಿ. ಸಾಯುವ ದಿನದವರೆಗೆ ಆಕಾಶದ ಮುಂದೆ ನಾಚಿಕೆಪಡುವಂಥದ್ದೇನೂ ಇರದಿರಲಿ ಎಂಬ ಆ ಪ್ರಾರ್ಥನೆಯನ್ನು ಅವರು ಬರೆದದ್ದು 1941ರ ನವೆಂಬರ್ 20ರಂದು, ಸಂಕಲನಕ್ಕೆ ಪೀಠಿಕೆಯಾಗಿ, ಉಳಿದ ಹದಿನೆಂಟೂ ಮುಗಿದ ಮೇಲೆ. 1939ರ ‘ಸ್ವಚಿತ್ರ’ ಮೊದಲು ಓದಿ. ಆಮೇಲೆ 1940ರ ಡಿಸೆಂಬರಿನವು, 1941ರ ಮೇ ತಿಂಗಳ ‘ಶಿಲುಬೆ’, ಸೆಪ್ಟೆಂಬರಿನ ‘ಇನ್ನೊಂದು ತವರು’, ನವೆಂಬರಿನ ‘ನಕ್ಷತ್ರಗಳನ್ನು ಎಣಿಸುವ ರಾತ್ರಿ’, ಅದರ ನಂತರ ಮುನ್ನುಡಿ ಕವಿತೆ, ‘ತಪ್ಪೊಪ್ಪಿಗೆ’, ಕೊನೆಗೆ ಟೋಕಿಯೊದ ಐದು. ನಡುವೆ ಬಿಡುವು ಬೇಕೆನಿಸಿದರೆ 1930ರ ದಶಕದ ಅವರ ಮಕ್ಕಳ ಕವಿತೆಗಳಿವೆ. ತಮ್ಮನು ಹಾಸಿಗೆಯಲ್ಲಿ ಉಚ್ಚೆ ಹೊಯ್ದು ಬಿಡಿಸಿದ ನಕಾಶೆಯ ಬಗ್ಗೆಯೂ ಒಂದು ಪದ್ಯ ಬರೆದಿದ್ದಾರೆ. ಬಿರುದು ಕೊಟ್ಟವರು ಅದನ್ನು ಸಾಮಾನ್ಯವಾಗಿ ಉಲ್ಲೇಖಿಸುವುದಿಲ್ಲ.